ಗೋಧಿ ಬಿಡಿಸೋದು ಆಮೇಲೆ, ಮೊದಲು ಪರೀಕ್ಷೆ

ಚಿಕ್ಕಮ್ಮಾ, ನಿನ್ನೆ ರಾತ್ರಿ ನೀವು ಗ್ರೂಪಿನಲ್ಲಿ ಕೇಳಿದ್ದನ್ನು ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮಧ್ಯಾಹ್ನ ಆಗುತ್ತದೆ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಾದಾಗ ಕೇಳಿ. ತಮ್ಮನಿಗೆ ಎರಡೂ ಮೊಣಕೈ, ಎರಡೂ ಮಂಡಿ ಮೇಲೆ ಸಣ್ಣ ಸಣ್ಣ ಗುಳ್ಳೆ, ತಡೆಯಲಾರದ ತುರಿಕೆ, ಮುಲಾಮು ಹಚ್ಚಿದರೆ ತಗ್ಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ ಅಂದಿರಿ. ನನಗೆ ಬಂದಿರುವುದೇ ಅವನಿಗೂ ಇರಬಹುದಾ, ಸೋಮವಾರದಿಂದ ಚಪಾತಿ ನಿಲ್ಲಿಸಿ ನೋಡಲಾ, ನಿನ್ನ ಮಾತ್ರೆ ಹೆಸರು ಕಳಿಸು ಅಂತ ಕೇಳಿದ್ದೀರಿ.

ಇರಬಹುದು. ನನ್ನದು ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್, ಚಿಕ್ಕದಾಗಿ ಡಿಎಚ್, ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ಚರ್ಮದ ರೂಪ. ಆದರೆ ಚಪಾತಿ ಮಾತ್ರ ಈಗಲೇ ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮಿಕ್ಕಿದ್ದನ್ನು ಕೇಳದೇ ಹೋದರೂ ಪರವಾಗಿಲ್ಲ. ಈ ಕಾಯಿಲೆ ಇರುವವರು ಗೋಧಿ ತಿನ್ನುತ್ತಿರುವಾಗ ಅವರ ರಕ್ತದಲ್ಲಿ ಸಾಮಾನ್ಯವಾಗಿ ಒಂದು ಬಗೆಯ ಆಂಟಿಬಾಡಿ, ಅಂದರೆ ಮೈಯ ಕಾವಲು ವ್ಯವಸ್ಥೆ ತಯಾರಿಸುವ ವಸ್ತು, ಇರುತ್ತದೆ. ರಕ್ತಪರೀಕ್ಷೆ ಹುಡುಕುವುದು ಅದನ್ನೇ. ಗೋಧಿ ಬಿಟ್ಟು ಕೆಲವು ತಿಂಗಳಾದರೆ ಅದು ಇಳಿದುಹೋಗುತ್ತದೆ, ಕರುಳೂ ಸುಧಾರಿಸಿಕೊಳ್ಳುತ್ತದೆ. ಆಗ ರಿಪೋರ್ಟಿನಲ್ಲಿ ಎಲ್ಲ ನಾರ್ಮಲ್ ಅಂತ ಬರುತ್ತದೆ, ಕಾಯಿಲೆ ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಆಮೇಲೆ ಡಾಕ್ಟರು ವಾರಗಟ್ಟಲೆ ಮತ್ತೆ ಗೋಧಿ ತಿಂದು ಬಾ ಅನ್ನುತ್ತಾರೆ. ತುರಿಕೆ ನಿಂತ ಹುಡುಗನಿಗೆ ಬೇಕೂ ಅಂತ ತುರಿಕೆ ತರಿಸುವುದಕ್ಕೆ ನಿಮಗೆ ಮನಸ್ಸು ಬರುತ್ತದಾ? ಅದರಲ್ಲೂ ನಮ್ಮ ಮನೆಗಳಲ್ಲಿ ಬೆಳಿಗ್ಗೆ ದೋಸೆ, ಮಧ್ಯಾಹ್ನ ಮುದ್ದೆ. ಗೋಧಿ ಹೆಚ್ಚಾಗಿ ಹೊಟ್ಟೆಗೆ ಹೋಗುವುದೇ ಚಿಕ್ಕಪ್ಪನಿಗೆ ಶುಗರ್ ಬಂದ ಮೇಲೆ ಶುರುವಾದ ರಾತ್ರಿಯ ಚಪಾತಿಯಲ್ಲಿ. ಪರೀಕ್ಷೆ ಎಲ್ಲಾ ಮುಗಿಯುವವರೆಗೂ ಅದನ್ನು ತಪ್ಪದೆ ಅವನ ತಟ್ಟೆಗೆ ಹಾಕಿ.

ನನ್ನದು ಹೇಗೆ ಗೊತ್ತಾಯಿತು ಅಂತ ಅತ್ತಿಗೆಯೂ ಕೇಳುತ್ತಿದ್ದರು, ಒಟ್ಟಿಗೇ ಹೇಳುತ್ತೇನೆ. ನನಗೂ ಮೊಣಕೈ, ಮಂಡಿ, ಆಮೇಲೆ ಬೆನ್ನು, ತಲೆಕೂದಲ ನಡುವೆ, ಗ್ರೂಪಿನಲ್ಲಿ ಹೇಳಬಾರದು, ಕೂರುವ ಜಾಗದಲ್ಲಿ ಕೂಡ. ಎಡಗಡೆ ಬಂದರೆ ಬಲಗಡೆಯೂ ಬರುತ್ತಿತ್ತು. ಈ ತುರಿಕೆ ಸೊಳ್ಳೆ ಕಚ್ಚಿದ್ದಲ್ಲ, ಬೆವರುಸಾಲೆಯೂ ಅಲ್ಲ. ನಸುಗುನ್ನಿ ಕಾಯಿ ಮೈಗೆ ತಾಗಿದರೆ ಹೇಗೆ ಉರಿಯುತ್ತದೋ ಹಾಗೆ. ಗುಳ್ಳೆ ಏಳುವುದಕ್ಕೆ ಮೊದಲೇ ಆ ಜಾಗ ಚುರುಚುರು ಅನ್ನುತ್ತದೆ. ರಾತ್ರಿ ನಿದ್ದೆಯಲ್ಲೇ ಕೆರೆದು ಒಡೆದುಬಿಡುತ್ತೇವೆ. ಡಾಕ್ಟರ ಹತ್ತಿರ ಹೋದಾಗ ಅವರಿಗೆ ಕಾಣುವುದು ಗುಳ್ಳೆ ಅಲ್ಲ, ಬರೀ ಪರಚಿದ ಗಾಯ, ಒಣಗಿದ ಹಕ್ಕಳೆ. ಮೊದಲು ತೋರಿಸಿದ ಕಡೆ ಕಜ್ಜಿ ಅಂದರು. ಮನೆಮಂದಿಯೆಲ್ಲ ಕುತ್ತಿಗೆಯಿಂದ ಕಾಲಿನವರೆಗೆ ಲೋಷನ್ ಹಚ್ಚಿಕೊಂಡು, ಹೊದಿಕೆ ಎಲ್ಲ ಬಿಸಿನೀರಿಗೆ ಹಾಕಿದ್ದಾಯಿತು. ಇನ್ನೊಂದು ಕಡೆ ಎಕ್ಸಿಮಾ ಅಂದರು. ಅವರನ್ನೂ ಪೂರ್ತಿ ಬೈಯುವ ಹಾಗಿಲ್ಲ. ಪಂಜಾಬ್, ಹರಿಯಾಣ, ದೆಹಲಿಯಂಥ ಗೋಧಿ ತಿನ್ನುವ ಸೀಮೆಯಲ್ಲಿ ಸೀಲಿಯಾಕ್ ಜಾಸ್ತಿ, ನಮ್ಮ ದಕ್ಷಿಣದಲ್ಲಿ ಬಹಳ ಕಡಿಮೆ. ಚರ್ಮಕ್ಕೆ ಬರುವ ಈ ರೂಪವಂತೂ ಇನ್ನೂ ಅಪರೂಪ.

ಆಮೇಲೆ ನೋಡಿದ ಚರ್ಮದ ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ಇಷ್ಟು ಕಾಲದಿಂದ ಕಜ್ಜಿ ಇದ್ದರೆ ಮನೆಯಲ್ಲಿ ಬೇರೆ ಯಾರಿಗೂ ಯಾಕೆ ಅಂಟಿಲ್ಲ? ಕಬ್ಬಿಣದ ಮಾತ್ರೆ ನುಂಗಿದರೂ ನಿಮ್ಮ ಹಿಮೋಗ್ಲೋಬಿನ್ ಯಾಕೆ ಏರುತ್ತಿಲ್ಲ? ಅಲ್ಲಿಂದ ದಾರಿ ಸಿಕ್ಕಿತು. ಬಯಾಪ್ಸಿ ಮಾಡಿದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕಡಲೆಬೇಳೆಯಷ್ಟು ಚರ್ಮ ತೆಗೆಯುತ್ತಾರೆ, ಒಂದೋ ಎರಡೋ ಹೊಲಿಗೆ. ಅವನು ಹೆದರಬೇಕಾಗಿಲ್ಲ. ಆದರೆ ಚಿಕ್ಕಮ್ಮಾ, ಇಲ್ಲೊಂದು ಸೂಕ್ಷ್ಮ ಇದೆ, ಬರೆದಿಟ್ಟುಕೊಳ್ಳಿ. ಎರಡು ಚೂರು ತೆಗೆಯಬೇಕು. ಒಂದು ಹೊಸ ಗುಳ್ಳೆಯಿಂದ, ಇನ್ನೊಂದು ಗುಳ್ಳೆಯ ಪಕ್ಕದಲ್ಲಿ ಚೆನ್ನಾಗಿಯೇ ಕಾಣುವ ಚರ್ಮದಿಂದ. ಎರಡನೆಯದನ್ನು ಚೂರು ಕೆಡದಂತೆ ಇಡುವ ಮಾಮೂಲಿ ಫಾರ್ಮಲಿನ್‌ಗೆ ಹಾಕಬಾರದು, ಅದಕ್ಕೆ ಬೇರೆ ದ್ರಾವಣ ಇದೆ. ಅದಕ್ಕೆ ಮಾಡುವ ಪರೀಕ್ಷೆಗೆ ಇಮ್ಯುನೋಫ್ಲೋರೆಸೆನ್ಸ್ ಅನ್ನುತ್ತಾರೆ. ಚರ್ಮದ ಮೇಲ್ಪದರದ ಕೆಳಗೆ ಐಜಿಎ ಅನ್ನುವ ಆಂಟಿಬಾಡಿ ಕೂತಿದ್ದರೆ ಸೂಕ್ಷ್ಮದರ್ಶಕದಲ್ಲಿ ಚುಕ್ಕಿ ಚುಕ್ಕಿಯಾಗಿ ಹಸಿರು ಹೊಳೆಯುತ್ತದೆ. ಎಲ್ಲ ಲ್ಯಾಬಿನಲ್ಲೂ ಇದನ್ನು ಮಾಡುವುದಿಲ್ಲ. ಮೆಡಿಕಲ್ ಕಾಲೇಜು ಇರುವ ಆಸ್ಪತ್ರೆಯಲ್ಲಿ ಕೇಳುವುದು ಒಳ್ಳೆಯದು.

ಜೊತೆಗೆ ರಕ್ತಕ್ಕೆ, ಆಗಲೇ ಹೇಳಿದ ಆಂಟಿಬಾಡಿ ಹುಡುಕುವ ಟಿಟಿಜಿ ಐಜಿಎ ಅಂತ ಒಂದು ಪರೀಕ್ಷೆ, ಒಟ್ಟು ಐಜಿಎ ಎಷ್ಟಿದೆ ಅಂತ ಇನ್ನೊಂದು. ಎರಡನೆಯದು ಯಾಕೆ ಅಂದರೆ, ಕೆಲವರ ಮೈಯಲ್ಲಿ ಐಜಿಎ ತಯಾರಾಗುವುದೇ ಇಲ್ಲ, ಅಂಥವರಿಗೆ ಮೊದಲನೆಯ ಪರೀಕ್ಷೆ ಸುಳ್ಳೇ ನೆಗೆಟಿವ್ ಬರುತ್ತದೆ. ಇನ್ನು ರಕ್ತದಲ್ಲಿ ಸಿಗಲಿಲ್ಲ ಅಂತ ಚರ್ಮದ ಪರೀಕ್ಷೆ ಕೈಬಿಡಬೇಡಿ. ಡಿಎಚ್ ಇರುವವರಲ್ಲಿ ಕೆಲವರಿಗೆ ರಕ್ತ ನೆಗೆಟಿವ್ ಇರುತ್ತದೆ. ಪೂರ್ತಿ ಹೆಸರಿನಲ್ಲಿ ಹರ್ಪೆಟಿಫಾರ್ಮಿಸ್ ಅಂತ ಇದೆಯಲ್ಲ ಅಂತ ಹೆದರಬೇಡಿ. ಹರ್ಪಿಸ್ ವೈರಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಯಾರಿಗೂ ಅಂಟುವುದಿಲ್ಲ. ಅವನ ಟವೆಲ್ಲು, ತಟ್ಟೆ ಬೇರೆ ಇಡುವುದೆಲ್ಲ ಬೇಡ.

ನನಗೆ ಬಾಯಿಂದ ಕೊಳವೆ ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿಯೂ ಮಾಡಿದರು. ಹೊಟ್ಟೆನೋವು, ಭೇದಿ ಏನೂ ಇರಲಿಲ್ಲ ನನಗೆ, ಆದರೂ ಸಣ್ಣ ಕರುಳಿನ ಒಳಗಿನ ಎಳೆಗಳು ಸವೆದು ಚಪ್ಪಟೆಯಾಗಿದ್ದವು. ಊಟದ ಸಾರ ಹೀರುವುದು ಆ ಎಳೆಗಳು. ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರದೇ ಇದ್ದದ್ದು ಅದಕ್ಕೇ. ಡಿಎಚ್ ಅಂದರೆ ಸೀಲಿಯಾಕ್ ಕಾಯಿಲೆ ಚರ್ಮದಲ್ಲಿ ಕಾಣಿಸಿಕೊಳ್ಳುವ ಬಗೆ. ಮೂಲ ಕರುಳಿನಲ್ಲೇ. ತುಂಬಾ ಜನಕ್ಕೆ ಹೊಟ್ಟೆಯ ತೊಂದರೆ ಗೊತ್ತೇ ಆಗುವುದಿಲ್ಲ.

ದೊಡ್ಡಪ್ಪಾ, ನೀವು ನಾಗದೋಷ ಅಂದಿರಿ, ಬದನೆಕಾಯಿ ನಂಜು ಅಂತಲೂ ಅಂದಿರಿ. ಕುಕ್ಕೆಗೆ ಹೋಗಿ ಬರೋಣ, ನಾನೂ ಬರುತ್ತೇನೆ, ಬಯಾಪ್ಸಿ ಆದ ಮೇಲೆ. ಬದನೆಕಾಯಿ ಪಾಪ ಏನೂ ಮಾಡಿಲ್ಲ. "ನಮ್ಮ ಕಾಲದಲ್ಲಿ ಇಂಥ ಕಾಯಿಲೆ ಎಲ್ಲಿತ್ತು" ಅನ್ನುವುದಕ್ಕೆ ಮಾತ್ರ ಉತ್ತರ ಕೊಡಲೇಬೇಕು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡೂರಿಂಗ್ ಅನ್ನುವ ಚರ್ಮದ ಡಾಕ್ಟರು 1884ರಲ್ಲೇ ಇದನ್ನು ವಿವರಿಸಿ ಬರೆದಿದ್ದಾರೆ. ಗೋಧಿ ಸಿಕ್ಕಿಬಿದ್ದದ್ದು ಆಮೇಲೆ. ಹಾಲೆಂಡಿನಲ್ಲಿ ವಿಲೆಮ್ ಡಿಕ್ಕೆ ಅಂತ ಮಕ್ಕಳ ಡಾಕ್ಟರು ಇದ್ದರು. ಸೀಲಿಯಾಕ್ ಮಕ್ಕಳಿಗೆ ಗೋಧಿಯೇ ಆಗುತ್ತಿಲ್ಲ ಅನ್ನುವ ಅನುಮಾನ ಅವರಿಗೆ ಮೊದಲೇ ಇತ್ತು. ಎರಡನೇ ಮಹಾಯುದ್ಧದಲ್ಲಿ, 1944–45ರ ಚಳಿಗಾಲ, ಅಲ್ಲಿ ಬರಗಾಲ ಬಿದ್ದು ಬ್ರೆಡ್ ಸಿಗದ ಹಾಗಾಯಿತು. ಊರೆಲ್ಲ ಸೊರಗುತ್ತಿದ್ದಾಗ ಈ ಮಕ್ಕಳು ಸುಧಾರಿಸಿಕೊಂಡರು, ಬ್ರೆಡ್ ಮತ್ತೆ ಬಂದಾಗ ಮತ್ತೆ ಕಾಯಿಲೆ ಬಿದ್ದರು. ಡಿಎಚ್ ಇರುವವರ ಕರುಳೂ ಕೆಟ್ಟಿರುತ್ತದೆ ಅಂತ ಗೊತ್ತಾದದ್ದು 1966ರ ಸುಮಾರಿಗೆ. ಇನ್ನು ನಮ್ಮಜ್ಜನ ಕಾಲದಲ್ಲಿ ಯಾಕೆ ಇರಲಿಲ್ಲ ಅಂದರೆ, ಅಜ್ಜ ಮೂರು ಹೊತ್ತೂ ರಾಗಿ ತಿನ್ನುತ್ತಿದ್ದರು ಅಲ್ವಾ? ಇದ್ದರೂ ಹೊರಗೆ ಬರುವುದಕ್ಕೆ ಗೋಧಿ ಎಲ್ಲಿತ್ತು?

ಭಾವ ಅಲರ್ಜಿ ಅಂತ ಸಿಟ್ರಿಜಿನ್ ಹೇಳಿದರು. ಅಲರ್ಜಿ ಅಲ್ಲ ಭಾವ. ಮೈಯ ಕಾವಲು ವ್ಯವಸ್ಥೆ ತಪ್ಪು ತಿಳಿದು ತನ್ನನ್ನೇ ಹೊಡೆಯುವ ಕಾಯಿಲೆ. ಸಿಟ್ರಿಜಿನ್ ತಗೊಂಡರೆ ನಿದ್ದೆ ಬರಬಹುದು, ಅಷ್ಟೇ.

ಮಾತ್ರೆ ವಿಷಯ. ಹೆಸರು ಹೇಳುತ್ತೇನೆ, ಆದರೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಹಾಗಿಲ್ಲ. ಡ್ಯಾಪ್ಸೋನ್. ಕುಷ್ಠರೋಗಕ್ಕೂ ಇದನ್ನೇ ಕೊಡುತ್ತಾರೆ, ಹೆಸರು ನೋಡಿ ಅಂಗಡಿಯ ಹುಡುಗ ನನ್ನ ಮುಖ ನೋಡಿದ. ನೋಡಿಕೊಳ್ಳಲಿ ಬಿಡಿ. ಡಿಎಚ್‌ಗೆ ಇದು ಬೇಗ ಕೆಲಸ ಮಾಡುತ್ತದೆ, ಕೆಲವೇ ದಿನದಲ್ಲಿ ತುರಿಕೆ ಇಳಿಯುತ್ತದೆ. ಆದರೆ ಕೆಲವರಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುತ್ತದೆ, ಗಂಡುಮಕ್ಕಳಲ್ಲಿ ಜಾಸ್ತಿ. ಅಂಥವರು ಈ ಮಾತ್ರೆ ನುಂಗಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ, ಜೀವಕ್ಕೇ ಅಪಾಯ. ಅದಕ್ಕೆ ಮೊದಲು ಆ ಪರೀಕ್ಷೆ, ಆಮೇಲೆ ಮಾತ್ರೆ, ಮಾತ್ರೆ ನಡೆಯುವಾಗಲೂ ಆಗಾಗ ರಕ್ತ ನೋಡುತ್ತಿರಬೇಕು. ಇನ್ನೊಂದು, ಈ ಮಾತ್ರೆ ಚರ್ಮವನ್ನು ಸಮಾಧಾನ ಮಾಡುತ್ತದೆ, ಕರುಳಿಗೆ ಏನೂ ಮಾಡುವುದಿಲ್ಲ. ಕರುಳಿಗೆ ಔಷಧ ಅಂದರೆ ಗೋಧಿ ಬಿಡುವುದೊಂದೇ, ಜೀವನಪೂರ್ತಿ. ಚರ್ಮ ಮಾತ್ರೆ ಇಲ್ಲದೆ ಶಾಂತವಾಗುವುದಕ್ಕೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ನನ್ನದು ಇನ್ನೂ ನಡೆಯುತ್ತಿದೆ.

ಇರಿ, ಕುಕ್ಕರ್ ಕೂಗುತ್ತಿದೆ... ಹಾಂ, ಊಟ. ಎಲ್ಲರೂ "ಅಯ್ಯೋ ಏನು ತಿನ್ನುತ್ತೀಯ" ಅಂತ ಕೇಳುತ್ತಾರೆ. ಮುದ್ದೆ, ಅನ್ನ, ಜೋಳದ ರೊಟ್ಟಿ, ಅಕ್ಕಿರೊಟ್ಟಿ, ನವಣೆ, ಸಜ್ಜೆ, ಇಡ್ಲಿ, ಅವಲಕ್ಕಿ, ಎಲ್ಲ ಬೇಳೆಕಾಳು. ಪಂಜಾಬಿನಲ್ಲಿ ಹುಟ್ಟಿದ್ದರೆ ಕಷ್ಟ ಆಗುತ್ತಿತ್ತು, ಇಲ್ಲಿ ಹಬ್ಬ. ತೊಂದರೆ ಕೊಡುವುದು ಕಣ್ಣಿಗೆ ಕಾಣದ ಗೋಧಿ. ರವೆ ಗೋಧಿಯೇ ಅನ್ನುವುದು ಎಷ್ಟೋ ಜನಕ್ಕೆ ತಲೆಗೇ ಹೋಗುವುದಿಲ್ಲ. "ಚಪಾತಿ ತಾನೇ ಬೇಡ, ಉಪ್ಪಿಟ್ಟು ತಿನ್ನು" ಅನ್ನುತ್ತಾರೆ. ಶನಿವಾರ ಒಪ್ಪೊತ್ತು ಅಂತ ಅನ್ನ ಬಿಟ್ಟು ಉಪ್ಪಿಟ್ಟು ಮಾಡುವ ಮನೆ ನಮ್ಮದು, ನೆನಪಿಡಿ. ಶಾವಿಗೆ, ಕೇಸರಿಬಾತು, ಹೋಳಿಗೆಯ ಕಣಕ, ಚಿರೋಟಿ, ಮದ್ದೂರು ವಡೆ ಎಲ್ಲ ಅದೇ. ನಿಪ್ಪಟ್ಟು, ಕೋಡುಬಳೆಗೆ ಗರಿಗರಿ ಆಗಲಿ ಅಂತ ಮೈದಾನೋ ಚಿರೋಟಿ ರವೆಯೋ ಸೇರಿಸಿರುತ್ತಾರೆ. ಗೋಬಿ ಮಂಚೂರಿಯಲ್ಲಿ ಮೈದಾ ಸಾಲದು ಅಂತ ಸೋಯಾ ಸಾಸಿನಲ್ಲೂ ಗೋಧಿ. ಬಾರ್ಲಿಯೂ ಆಗುವುದಿಲ್ಲ, ಮಾಲ್ಟ್ ಅಂದರೆ ಸಾಮಾನ್ಯವಾಗಿ ಬಾರ್ಲಿಯೇ. ನನ್ನನ್ನು ನೋಡಲು ಬಂದವರು ತಂದದ್ದು ಏನು ಹೇಳಿ? ಹಾರ್ಲಿಕ್ಸ್ ಬಾಟಲಿ. ಗೋಧಿ, ಬಾರ್ಲಿ ಎರಡೂ ಒಂದರಲ್ಲೇ. ನಗು ಬಂತು, ಕೆಲಸದವಳ ಮಕ್ಕಳಿಗೆ ಕೊಟ್ಟೆ.

ಇಂಗು ನೋಡಿ ನನಗೇ ಆಶ್ಚರ್ಯ ಆಯಿತು. ಡಬ್ಬಿಯಲ್ಲಿ ಬರುವುದು ಬರೀ ಇಂಗಲ್ಲ, ಗೋಂದು ಮತ್ತು ಹಿಟ್ಟು ಬೆರೆಸಿದ್ದು. ಆ ಹಿಟ್ಟು ಹೆಚ್ಚಾಗಿ ಗೋಧಿಯದು. ಡಬ್ಬಿಯ ಹಿಂದೆ ಓದಿ, ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ. ಇನ್ನು ಮಿಲ್ಲು. ನಮಗಿಂತ ಮೊದಲು ಬಂದವರ ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ರಾಗಿ ಬೀಸಿದರೆ ಮೊದಲ ಸೇರಿನಲ್ಲಿ ಗೋಧಿ ಇದ್ದೇ ಇರುತ್ತದೆ. ನಾನು ಮನೆಯಲ್ಲೇ ಚಿಕ್ಕ ಗಿರಣಿ ಇಟ್ಟುಕೊಂಡೆ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬಾರದು. ಹೋಟೆಲಿನಲ್ಲಿ ರವೆ ದೋಸೆ ಹುಯ್ದ ಕಾವಲಿಯಲ್ಲೇ ಮಸಾಲೆ ದೋಸೆ ಹುಯ್ಯುತ್ತಾರೆ, ಅದಕ್ಕೇ ನಾನು ಇಡ್ಲಿ ಕೇಳುವುದು. ಗ್ಲುಟೆನ್ ಫ್ರೀ ಅಂತ ಬರೆದ ಪೊಟ್ಟಣದಲ್ಲಿ ಗ್ಲುಟೆನ್, ಅಂದರೆ ಗೋಧಿ, ಬಾರ್ಲಿಯಲ್ಲಿರುವ ನಮಗೆ ಆಗದ ಪ್ರೋಟೀನು, ಕಿಲೋಗೆ 20 ಮಿಲಿಗ್ರಾಮ್ ಮೀರಬಾರದು ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಅಷ್ಟು ಸಣ್ಣ ಲೆಕ್ಕದ ವಿಷಯ ಇದು. ಹಾಗಾಗಿ "ಒಂದು ತುಣುಕು ಹೋಳಿಗೆ ತಿಂದರೆ ಏನಾಗುತ್ತೆ" ಅಂತ ದಯವಿಟ್ಟು ಯಾರೂ ಬಲವಂತ ಮಾಡಬೇಡಿ. ಸೊಕ್ಕಿಗೆ ಬೇಡ ಅನ್ನುತ್ತಿಲ್ಲ. ಹಾಗೇ ತಿನ್ನುತ್ತಾ ಹೋದರೆ ಮೂಳೆ ಸವೆಯುತ್ತದೆ, ರಕ್ತ ಕಡಿಮೆಯಾಗುತ್ತದೆ, ಅಪರೂಪಕ್ಕೆ ಕರುಳಿಗೆ ಲಿಂಫೋಮಾ ಅನ್ನುವ ಕ್ಯಾನ್ಸರ್ ಕೂಡ ಬರಬಹುದು.

ಅಮ್ಮ, ಅಣ್ಣ, ನೀವೂ ಕೇಳಿಸಿಕೊಳ್ಳಿ. ಇದು ವಂಶದಲ್ಲಿ ಹರಿಯುತ್ತದೆ. ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳು, ಇಷ್ಟು ಹತ್ತಿರದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುತ್ತದೆ. ಏನೂ ತೊಂದರೆ ಇಲ್ಲದಿದ್ದರೂ ಒಂದು ಸಲ ಟಿಟಿಜಿ ಮಾಡಿಸಿ. ಅಣ್ಣ ಸುಮ್ನೆ ಮುಂದೂಡುತ್ತಾ ಇದ್ದಾನೆ, ಅತ್ತಿಗೆ ಸ್ವಲ್ಪ ಚುರುಕು ಮುಟ್ಟಿಸಿ.

ಚಿಕ್ಕಮ್ಮಾ, ಭಾನುವಾರ ನಿಮ್ಮ ಮನೆ ಸತ್ಯನಾರಾಯಣ ಪೂಜೆಗೆ ಬರುತ್ತೇನೆ. ತಮ್ಮನ ಹಳೇ ಚೀಟಿ, ಹಚ್ಚಿದ ಮುಲಾಮಿನ ಟ್ಯೂಬು ಎಲ್ಲ ತೆಗೆದಿಡಿ, ಕೂತು ನೋಡೋಣ. ಹೊಸ ಗುಳ್ಳೆ ಎದ್ದ ಕೂಡಲೇ, ಕೆರೆಯುವುದಕ್ಕೆ ಮೊದಲು, ಫೋನಿನಲ್ಲಿ ಫೋಟೋ ತೆಗೆದಿಡು ಅಂತ ಅವನಿಗೆ ಹೇಳಿ, ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ. ಸಪಾದ ಭಕ್ಷ್ಯ ರವೆಯದು, ನನಗೆ ಕೊಡಬೇಡಿ, ಪಂಚಾಮೃತ ಸಾಕು. ಹುಳಿಗೆ ಇಂಗು ಹಾಕುವ ಮುಂಚೆ ನನಗೊಂದು ಬಟ್ಟಲು ತೆಗೆದಿಟ್ಟುಬಿಡಿ.