‘ಫೇಲ್ ಸೇಫ್’, ‘ಫೇಲ್ ಸೆಕ್ಯೂರ್’: ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಡೇಟಾ ಸೆಂಟರ್ ಒಂದರ ಸೆಕ್ಯೂರಿಟಿಯವರಿಗೆ ಕನ್ನಡದಲ್ಲಿ ಸೂಚನಾಪತ್ರ ತಯಾರಾಗುತ್ತಿದೆ. ಬಾಗಿಲಿನ ಎಲೆಕ್ಟ್ರಿಕ್ ಲಾಕ್‌ಗಳಲ್ಲಿ ‘ಫೇಲ್ ಸೇಫ್’, ‘ಫೇಲ್ ಸೆಕ್ಯೂರ್’ ಎಂದು ಎರಡು ಬಗೆ. ಕರಡಿನಲ್ಲಿ ‘ವಿಫಲ-ಸುರಕ್ಷಿತ’, ‘ವಿಫಲ-ಭದ್ರ’ ಎಂದಿದೆ. ಎರಡೂ ಒಂದೇ ಅನಿಸುತ್ತವೆ. ಒಬ್ಬರು ಕಾರ್ಡ್ ಉಜ್ಜಿ ತೆರೆದ ಬಾಗಿಲಲ್ಲಿ ಇನ್ನೊಬ್ಬರು ಒಳಹೋಗುವ ‘ಟೇಲ್‌ಗೇಟಿಂಗ್’ಗೂ ಒಂದು ಪದ ಬೇಕು.

ಉತ್ತರ: ಕರಡನ್ನು ಹಾಗೇ ಅಚ್ಚಿಗೆ ಕೊಡಬೇಡಿ. ‘ಸುರಕ್ಷಿತ’ ಅಂದ ಕೂಡಲೇ ಬಾಗಿಲು ಹಾಕಿಕೊಂಡೇ ಇರುತ್ತದೆ ಎಂದು ಓದುವವರು ತಿಳಿಯುತ್ತಾರೆ. ಆಗುವುದು ಉಲ್ಟಾ. ಫೇಲ್ ಸೇಫ್‌ನಲ್ಲಿ ವಿದ್ಯುತ್ ನಿಂತರೆ ಲಾಕ್ ಬಿಡುತ್ತದೆ, ಬಚಾವಾಗುವುದು ಒಳಗಿನ ಜನ. ಫೇಲ್ ಸೆಕ್ಯೂರ್‌ನಲ್ಲಿ ಹೊರಗಿನಿಂದ ತೆರೆಯದು, ಬಚಾವಾಗುವುದು ಮಾಲು.

‘ಕರೆಂಟ್ ಹೋದರೆ ಬಿಡುವ ಲಾಕ್’ ಎನ್ನಬಹುದು ಅನಿಸುತ್ತದೆ, ಆದರೆ ಅದರಲ್ಲೂ ತೊಡಕಿದೆ. ನಮ್ಮಲ್ಲಿ ‘ಕರೆಂಟ್ ಹೋಯ್ತು’ ಅಂದರೆ ಲೈನ್ ಹೋಯಿತು ಅಂತ. ಬ್ಯಾಟರಿ ಇದ್ದರೆ ಆಗಲೂ ಲಾಕ್ ಹಿಡಿದೇ ಇರುತ್ತದೆ. ಆದ್ದರಿಂದ ‘ಲಾಕ್‌ಗೆ ಕರೆಂಟ್ ನಿಂತರೆ ಬಿಡುವುದು’, ‘ನಿಂತರೂ ಬಿಡದ್ದು’ ಎಂದು ಬರೆಯಿರಿ. ಉದ್ದವಾಯಿತು, ಇರಲಿ. ಮೊದಲನೇ ಬಗೆಯಲ್ಲಿ, ಬೆಂಕಿ ಬಿದ್ದಾಗ ಫೈರ್ ಅಲಾರಂನ ರಿಲೇ (ತಾನಾಗಿ ಕೆಲಸ ಮಾಡುವ ಸ್ವಿಚ್) ಕಡಿಯಬೇಕಾದ್ದೂ ಲಾಕ್‌ಗೆ ಹೋಗುವ ಈ ವಯರನ್ನೇ. ಬ್ಯಾಟರಿಯ ಆಚೆ, ಮೇನ್ಸ್‌ನಲ್ಲಿ ಕಡಿದರೆ ಬಾಗಿಲು ತೆರೆಯುವುದಿಲ್ಲ.

ಮ್ಯಾಗ್ನೆಟಿಕ್ ಲಾಕ್ ಹುಟ್ಟಿನಿಂದಲೇ ಮೊದಲನೇ ಬಗೆ. 12 ಅಥವಾ 24 ವೋಲ್ಟ್ ಡಿಸಿ ಹರಿಯುವಷ್ಟು ಹೊತ್ತೇ ಹಿಡಿತ. ಡಬ್ಬದ ಮೇಲೆ ಬರೆದ ಹಿಡಿತ, ಉದಾಹರಣೆಗೆ 600 ಪೌಂಡ್, ಅಂದರೆ ಸುಮಾರು 272 ಕೆಜಿ, ಬಾಗಿಲಿನ ಕಬ್ಬಿಣದ ಪಟ್ಟಿ ಅಯಸ್ಕಾಂತಕ್ಕೆ ಸಪಾಟಾಗಿ ಕೂತಾಗಿನ ಲೆಕ್ಕ. ಪಟ್ಟಿಯ ಹಿಂದಿನ ರಬ್ಬರ್ ವಾಷರ್ ಅಪ್ಪಚ್ಚಿಯಾಗುವಂತೆ ಬೋಲ್ಟ್ ಬಿಗಿದರೆ ಪಟ್ಟಿಗೆ ಅಲುಗಲು ಜಾಗ ಸಿಗದೆ ಓರೆ ಕೂರುತ್ತದೆ, ಹಿಡಿತ ಕುಸಿಯುತ್ತದೆ. ಆದರೆ ಎಲೆಕ್ಟ್ರಿಕ್ ಸ್ಟ್ರೈಕ್ (ಚೌಕಟ್ಟಿನಲ್ಲಿ ಕೂತು ಬಾಗಿಲಿನ ಚಿಲಕವನ್ನು ಹಿಡಿಯುವ, ಬಿಡುವ ಭಾಗ) ಎರಡೂ ಬಗೆಯಲ್ಲಿ ಸಿಗುತ್ತದೆ. ಬಾಗಿಲು ಬಾಗಿಲಿಗೂ ನೋಡಿಯೇ ನಮೂದಿಸಿ.

ಟೇಲ್‌ಗೇಟಿಂಗ್‌ಗೆ ‘ಬೆನ್ನ ಹಿಂದೆ ನುಸುಳುವುದು’ ಸಾಕು. ಇದು ಕಾರ್ಡ್ ಉಜ್ಜಿದವರಿಗೆ ಗೊತ್ತಿಲ್ಲದೆ ಆಗುವಂಥದ್ದು. ಗೊತ್ತಿದ್ದೂ ಬಾಗಿಲು ಹಿಡಿದು ನಿಂತರೆ ಅದು ‘ಪಿಗ್ಗಿಬ್ಯಾಕಿಂಗ್’. ಅದಕ್ಕೆ ‘ಜೊತೆಗೆ ಒಳಬಿಟ್ಟುಕೊಳ್ಳುವುದು’ ಎನ್ನಿ. ಬೇರೆ ಬೇರೆ ಬರೆದರೆ ಯಾರನ್ನು ವಿಚಾರಿಸಬೇಕು ಎಂಬುದು ಸ್ಪಷ್ಟವಾಗುತ್ತದೆ. ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರೆ ಕೂಗುವ ಅಲಾರಂ ಇವೆರಡನ್ನೂ ಹಿಡಿಯದು ಎಂದೂ ಸೇರಿಸಿ: ಇಬ್ಬರು ಒಟ್ಟಿಗೆ ಒಳಹೋದರೂ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚಿಕೊಂಡಿರುತ್ತದೆ.