ಕೆಂಪು ಕಡಲಪಾಚಿಗೆ ಲೋಳೆ ಯಾಕೆ ಹಿಡಿಯಲ್ಲ?

ಕುಂಬಳೆ ಹುಡುಗಿ: ಭಾನುವಾರ ಬೇಕಲ ಕೋಟೆ ಕೆಳಗಿನ ಬಂಡೆಗಳ ಹತ್ತಿರ ಹೋಗಿದ್ದೆ, ನೀರು ಇಳಿದಿತ್ತು. ಬಂಡೆಗೆಲ್ಲ ಲೋಳೆ. ಆದರೆ ಪಕ್ಕದಲ್ಲೇ ಇದ್ದ ಕೆಂಪು ಪಾಚಿಯ ಎಳೆಯನ್ನು ಬೆರಳಲ್ಲಿ ಉಜ್ಜಿ ನೋಡಿದರೆ ಶುಚಿಯಾಗಿತ್ತು. ಎಂಎಸ್ಸಿ ಪ್ರಾಜೆಕ್ಟ್‌ಗೆ ಇದನ್ನೇ ತೆಗೆದುಕೊಳ್ಳಲಾ?

ಮಂಜೇಶ್ವರದ ಮೇಷ್ಟ್ರು: ಖಂಡಿತ ತಗೊಳ್ಳಮ್ಮ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡ್, ಅಂದರೆ ಬ್ರೋಮಿನ್‌ನ ಅಯಾನು, ಇರುತ್ತದೆ. ಹಲವು ಕೆಂಪು ಪಾಚಿಗಳು ಅದನ್ನು ಬಳಸಿ ಬ್ರೋಮಿನ್ ಸೇರಿದ ರಾಸಾಯನಿಕ ಮಾಡಿಕೊಳ್ಳುತ್ತವೆ, ಅವುಗಳಲ್ಲಿ ಕೆಲವು ಬ್ಯಾಕ್ಟೀರಿಯಾವನ್ನು ತಡೆಯುತ್ತವೆ. ಆಸ್ಟ್ರೇಲಿಯಾದ ಡೆಲಿಸಿಯಾ ಪಲ್ಕ್ರಾ ಅನ್ನೋ ಕೆಂಪು ಪಾಚಿ ಮಾಡುವ ಇಂಥದೇ ರಾಸಾಯನಿಕಗಳಾದ ಫ್ಯುರನೋನ್‌ಗಳ ಕೆಲಸ ಇನ್ನೂ ಚಂದ. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ರಾಸಾಯನಿಕ ಸುಳಿವು ಕಳಿಸಿ, ಸಾಕಷ್ಟು ಸಂಖ್ಯೆ ಆಯಿತು ಅಂತ ಗೊತ್ತಾದ ಮೇಲೆ ಒಟ್ಟಾಗಿ ಲೋಳೆ ಕಟ್ಟುತ್ತವೆ, ಈ ಫ್ಯುರನೋನ್ ಅವನ್ನು ಕೊಲ್ಲದೆಯೇ ಆ ಮಾತುಕತೆಯನ್ನು ಕೆಡಿಸಿಬಿಡುತ್ತದೆ!

ಉಪ್ಪಳದವ: ಆದರೆ ಎಲ್ಲ ಕೆಂಪು ಪಾಚಿಯೂ ಹಾಗಲ್ಲ. ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಅನ್ನೋ ಜೆಲ್ಲಿ ಬರುವುದೇ ಜೆಲಿಡಿಯಂ, ಗ್ರಾಸಿಲೇರಿಯಾ ಅನ್ನೋ ಕೆಂಪು ಪಾಚಿಗಳಿಂದ, ಅಲ್ವಾ? ಮೊದಲು ಜಾತಿ ಗುರುತಿಸಿ. ಆಮೇಲೆ ಪಾಚಿಯ ಸಾರವನ್ನು ಮೆಥನಾಲಲ್ಲಿ ತೆಗೆದು, ಅದನ್ನು ಹಾಕಿದ ಚಿಕ್ಕ ಕಾಗದದ ಡಿಸ್ಕನ್ನು ಬ್ಯಾಕ್ಟೀರಿಯಾ ಮೇಲಿಟ್ಟು ಪರೀಕ್ಷಿಸುವಾಗ, ಸಾರವಿಲ್ಲದೆ ಬರೀ ಮೆಥನಾಲ್ ಹಾಕಿದ ಒಂದು ಡಿಸ್ಕನ್ನೂ ಪಕ್ಕದಲ್ಲಿಡಿ, ಇಲ್ಲದಿದ್ದರೆ ಕೊಂದದ್ದು ಪಾಚಿಯೋ ಮೆಥನಾಲೋ ಗೊತ್ತಾಗಲ್ಲ.

ಕುಂಬಳೆ ಹುಡುಗಿ: ಡಿಸ್ಕ್ ವಿಷಯ ಹೊಳೆದೇ ಇರಲಿಲ್ಲ, ತುಂಬಾ ಥ್ಯಾಂಕ್ಸ್ ಅಣ್ಣ.