ಬೋಗನ್‌ವಿಲ್ಲಾ ಬೋನ್ಸಾಯ್: ಎಲೆ ದಂಡಿಯಾಗಿದೆ, ಹೂ ಮಾತ್ರ ಇಲ್ಲ. ದಯವಿಟ್ಟು ಯಾರಾದ್ರೂ ಹೇಳಿ

ಮೊಗ್ಗುಕಾಯೋನು:
ತಲೆ ಕೆಟ್ಟುಹೋಗಿದೆ. ನೆಲದಲ್ಲಿದ್ದಾಗ ಎಲೆ ಕಾಣದಷ್ಟು ಹೂ ಬಿಡ್ತಿದ್ದ ಗಿಡ ಇದು. ಬುಡ ಮಣಿಕಟ್ಟಿನಷ್ಟು ದಪ್ಪ. ಬೋನ್ಸಾಯ್ ತಟ್ಟೆಗೆ ಬಂದು ಎರಡು ವರ್ಷ ದಾಟಿತು, ಒಂದು ಹೂ ಕಂಡಿಲ್ಲ. ಹುಳ ಇಲ್ಲ, ರೋಗ ಇಲ್ಲ, ಎಲೆ ಕಡುಹಸಿರು. ಬಿಸಿಲಿದೆ, ಗೊಬ್ಬರ ತಪ್ಪಿಸಿಲ್ಲ, ಆರೈಕೆಯೆಲ್ಲ ಸರಿಯಾಗೇ ಇದೆ. ಏನು ಕೊರತೆ? ‘ತಾಳ್ಮೆ ಇರಲಿ’ ಅಂತ ಮಾತ್ರ ಹೇಳಬೇಡಿ, ಅದನ್ನ ಕೇಳಿ ಕೇಳಿ ಸಾಕಾಗಿದೆ.

ಬೇರುಬುಡ:
ನೀರು ಜಾಸ್ತಿಯಾಗಿದೆ. ಬೇರೆ ಕಾರಣ ಹುಡುಕಲೇಬೇಡಿ. ಎಲೆ ಸ್ವಲ್ಪ ಜೋತುಬೀಳೋ ತನಕ ನೀರು ನಿಲ್ಲಿಸಿ, ಆಮೇಲೆ ತಟ್ಟೆಯ ತೂತಿಂದ ಹರಿಯೋ ಹಾಗೆ ಕೊಡಿ. ಹೀಗೇ ಕೆಲವು ಸುತ್ತು ಮಾಡಿದ್ರೆ ಹೂ ಬಂದೇ ಬರುತ್ತೆ.

ಮೊಗ್ಗುಕಾಯೋನು:
ಅದೂ ಮಾಡಿ ಆಯ್ತು ಸರ್. ಎಲೆ ಉದುರಿತು, ಮತ್ತೆ ಚಿಗುರಿತು. ಆ ಚಿಗುರಲ್ಲೂ ಬರೀ ಎಲೆ.

ಬೇರುಬುಡ:
ಹಾಗಾದ್ರೆ ಸಾಕಷ್ಟು ಒಣಗಿಸಿಲ್ಲ. ಇನ್ನೂ ಒಂದೆರಡು ದಿನ ಬಿಡಿ.

ಹಸಿರುತಟ್ಟೆ:
ಬೇಡ, ದಯವಿಟ್ಟು ಬಿಡಬೇಡಿ! ನೆಲದ ಗಿಡಕ್ಕೆ ಹೇಳೋದನ್ನ ತಟ್ಟೆ ಗಿಡಕ್ಕೆ ಹೇಳಬಾರದು. ಎರಡು ಇಂಚು ಮಣ್ಣಿನಲ್ಲಿ ಎಳೆಬೇರು ಸತ್ತುಹೋಗೋಕೆ ಎಷ್ಟು ಹೊತ್ತು ಬೇಕು? ಬೋಗನ್‌ವಿಲ್ಲಾ ಬೇರು ಮೊದಲೇ ಸೂಕ್ಷ್ಮ, ಮುಟ್ಟಿದ್ರೆ ಮುರಿಯುತ್ತೆ. ಮೊದಲು ಇಷ್ಟು ಹೇಳಿ: ಯಾವ ಗೊಬ್ಬರ, ಎಷ್ಟು ಗಂಟೆ ನೇರ ಬಿಸಿಲು, ಮಿಶ್ರಣ ಏನು, ಯಾವಾಗ ಕತ್ತರಿಸ್ತೀರ? ಒಂದನ್ನೂ ಬರೆದಿಲ್ಲ.

ಮೊಗ್ಗುಕಾಯೋನು:
19-19-19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋ ಗೊಬ್ಬರ), ಹದಿನೈದು ದಿನಕ್ಕೊಮ್ಮೆ. ಬಿಸಿಲು ಬೆಳಗಿಂದ ಮಧ್ಯಾಹ್ನದವರೆಗೆ. ಮಿಶ್ರಣ ಎಲ್ಲರೂ ಹಾಕೋದೇ.

ತಂತಿಸುರುಳಿ:
ಎಲ್ಲರೂ ಹಾಕೋದು ಅಂದ್ರೆ ಕೋಕೋಪೀಟಾ, ಆ ತೆಂಗಿನ ನಾರಿನ ಪುಡಿ? ಅಲ್ಲೇ ಇದೆ ಸಮಸ್ಯೆ. ಇಟ್ಟಿಗೆ ಚೂರು, ಜರಡಿ ಹಿಡಿದ ಜಲ್ಲಿ, ಮೇಲಿಂದ ಒಂದು ಹಿಡಿ ಕಾಂಪೋಸ್ಟ್. ಅದು ಬಿಟ್ಟು ಬೇರೇನೂ ಬೇಡ.

ಹಸಿರುತಟ್ಟೆ:
ಕೋಕೋಪೀಟ್ ಹಾಕಿದ ಮಾತ್ರಕ್ಕೆ ಹೂ ನಿಲ್ಲಲ್ಲ ಸರ್. ನೀರು ನಿಂತು ಬೇರು ಕೊಳೆತಿದ್ರೆ ಎಲೆ ಕಡುಹಸಿರಾಗಿ ಇರ್ತಿತ್ತಾ?

ತಂತಿಸುರುಳಿ:
ನಾನು ಇಪ್ಪತ್ತು ವರ್ಷದಿಂದ ಜಲ್ಲಿಯಲ್ಲೇ ಬೆಳೆಸ್ತಿರೋದು ಮೇಡಂ. ನನ್ನ ಸತ್ಸುಕಿ ಅಜೇಲಿಯಾ (ಜಪಾನಿನ ಹೂಪೊದೆ) ಬುಡ ಈಗ ಒಂಬತ್ತು ಇಂಚು. ಅದಕ್ಕೆ ಮಾತ್ರ ಜಪಾನಿನ ಕಾನುಮಾ ಮಣ್ಣು, ಆಮ್ಲೀಯವಾಗಿರಬೇಕು ಅಂತ. ಹೂ ಬಾಡಿದ ಕೂಡಲೇ ಕತ್ತರಿಸಿ ಮುಗಿಸ್ತೀನಿ, ಆಮೇಲೆ ಕತ್ತರಿ ಮುಟ್ಟಲ್ಲ. ಬೇಸಿಗೆ ಕಳೆಯೋದರೊಳಗೆ ಮುಂದಿನ ವರ್ಷದ ಮೊಗ್ಗು ಕೊನೆಯಲ್ಲಿ ಕೂತಿರುತ್ತೆ. ತಿರುಗುಮಣೆ ಮೇಲಿಟ್ಟು ದಿನವೂ ಸ್ವಲ್ಪ ತಿರುಗಿಸ್ತೀನಿ, ನಾಲ್ಕೂ ಕಡೆ ಒಂದೇ ಸಮ ತುಂಬುತ್ತೆ. ಚಿತ್ರ ಹಾಕ್ತೀನಿ ಇರಿ.

ಕೇಪಳದೊಡ್ಡಿ:
ನಡುವೆ ಬಂದದ್ದಕ್ಕೆ ಬೇಜಾರಾಗಬೇಡಿ. ನನ್ನ ಕೇಪಳ ಬೋನ್ಸಾಯ್‌ನಲ್ಲಿ ಹೊಸ ಎಲೆಗಳೆಲ್ಲ ಹಳದಿ, ನರ ಮಾತ್ರ ಹಸಿರು. ಅದಕ್ಕೂ 19-19-19 ಜಾಸ್ತಿ ಮಾಡಲಾ?

ಹಸಿರುತಟ್ಟೆ:
ಬೇಡ. ಹೊಸ ಎಲೆ ಮೊದಲು ಹಳದಿಯಾಗಿ ನರ ಹಸಿರುಳಿದ್ರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಸಾರಜನಕ ಕಡಿಮೆಯಾದ್ರೆ ಹಳೆ ಎಲೆ ಮೊದಲು ಬಿಳಚುತ್ತೆ. ಗಡಸು ನೀರು ಹಾಕ್ತಿದ್ದೀರಾ? ಸಿಮೆಂಟ್ ಕುಂಡವಾ? ಕ್ಷಾರ ಏರಿದ್ರೆ ಮಣ್ಣಲ್ಲಿ ಕಬ್ಬಿಣ ಇದ್ರೂ ಬೇರಿಗೆ ಸಿಗಲ್ಲ. ಮಳೆನೀರು ಕೊಟ್ಟು ನೋಡಿ, ಜೊತೆಗೆ ಚಿಲೇಟೆಡ್ ಕಬ್ಬಿಣ, ಅಂದ್ರೆ ಬೇರು ಹೀರೋ ರೂಪದ ಕಬ್ಬಿಣ.

ಬೇರುಬುಡ:
ಮೂಲ ಪ್ರಶ್ನೆ ಬಿಟ್ಟು ಎಲ್ಲೋ ಹೋದ್ವಿ. ನೀರು ನಿಲ್ಲಿಸಿ ಅಂದೆ.

ಕಂಕುಳಮುಳ್ಳು:
ಒಂದು ಕೇಳ್ತೀನಿ. ಎಲೆಯ ಕಂಕುಳಲ್ಲಿ, ಅಂದ್ರೆ ಎಲೆ ಕೊಂಬೆಗೆ ಸೇರೋ ಮೂಲೆಯಲ್ಲಿ, ಏನಿದೆ ನೋಡಿ ಹೇಳಿ. ಮುಳ್ಳು ಉದ್ದುದ್ದ ಇದೆಯಾ?

ಮೊಗ್ಗುಕಾಯೋನು:
ಹೌದು, ಪ್ರತಿ ಗಿಣ್ಣಲ್ಲೂ ಇದೆ. ಕತ್ತರಿಸುವಾಗ ಕೈಯೆಲ್ಲ ಗೀರು. ವಾರಕ್ಕೊಮ್ಮೆ ಕುಡಿ ಚಿವುಟ್ತೀನಲ್ಲ, ಆಕಾರ ಹಾಗೇ ಇರಲಿ ಅಂತ.

ಹಸಿರುತಟ್ಟೆ:
ವಾರಕ್ಕೊಮ್ಮೆ! ಇದನ್ನೇ ಅಲ್ವಾ ನಾನು ಆಗ್ಲೇ ಕೇಳಿದ್ದು.

ಮೊಗ್ಗುಕಾಯೋನು:
ಚಿವುಟದೇ ಬೋನ್ಸಾಯ್ ಆಗುತ್ತಾ ಅಕ್ಕ? ಎಲ್ಲರೂ ಚಿವುಟ್ತಾರೆ ಅಂದುಕೊಂಡೆ.

ಕಂಕುಳಮುಳ್ಳು:
ಬೋಗನ್‌ವಿಲ್ಲಾದಲ್ಲಿ ಮುಳ್ಳಿಗೂ ಹೂಗೊಂಚಲಿಗೂ ಮೂಲ ಒಂದೇ, ಕಂಕುಳಲ್ಲಿರೋ ಮೊಗ್ಗು. ಗಿಡ ಬೆಳೆಯೋ ಭರದಲ್ಲಿದ್ರೆ ಅದು ಮುಳ್ಳಾಗುತ್ತೆ, ಭರ ತಗ್ಗಿದ್ರೆ ಹೂಗೊಂಚಲಾಗುತ್ತೆ. ಹಗಲು ದೊಡ್ಡದಿದ್ದಾಗ ಮುಳ್ಳಿನ ಕಡೆ ವಾಲುತ್ತೆ, ರಾತ್ರಿ ದೊಡ್ಡದಾದಾಗ ಹೂವಿನ ಕಡೆ. ನೀವು ಚಿವುಟಿದಾಗಲೆಲ್ಲ ಕೆಳಗಿನ ಗಿಣ್ಣಿಂದ ಹೊಸ ಚಿಗುರು ಹೊರಟು, ಭರ ಮೊದಲಿಂದ ಶುರುವಾಗುತ್ತೆ. ಹೂ ಕೂರೋದು ಆ ಹೊಸ ಚಿಗುರು ಬಲಿತ ಮೇಲೆ, ಅದರ ಕೊನೆಯ ಕಡೆ. ಅಷ್ಟು ದೂರ ಹೋಗೋಕೆ ನೀವು ಬಿಡ್ತಾನೇ ಇಲ್ಲ. ಮೇಲಿಂದ 19-19-19ರ ಸಾರಜನಕ ಬೇರೆ. ಇನ್ನೊಂದು, ರಾತ್ರಿ ಗಿಡದ ಮೇಲೆ ದೀಪ ಬೀಳುತ್ತಾ?

ಮೊಗ್ಗುಕಾಯೋನು:
ಬೀಳುತ್ತೆ. ಪಕ್ಕದಲ್ಲೇ ಟ್ಯೂಬ್‌ಲೈಟ್, ಬೆಳಗಿನವರೆಗೂ ಉರಿಯುತ್ತೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ತಂತಿಸುರುಳಿ:
ದೀಪದ ಮಾತು ನಾನು ಒಪ್ಪಲ್ಲ. ಹಗಲು ದೊಡ್ಡದಾಗಿರೋ ನಡು ಬೇಸಿಗೆಯಲ್ಲೂ ಬೋಗನ್‌ವಿಲ್ಲಾ ತುಂಬಿ ನಿಲ್ಲುತ್ತಲ್ಲ, ಅದು ಹೇಗೆ?

ಕಂಕುಳಮುಳ್ಳು:
ರಾತ್ರಿಯಿಡೀ ದೀಪ ಬಿದ್ರೆ ಗಿಡಕ್ಕೆ ಹಗಲು ದೊಡ್ಡದಾದ ಹಾಗೇ, ಅದಕ್ಕೇ ಕೇಳಿದ್ದು. ಇನ್ನು ಬೇಸಿಗೆಯ ಮಾತು, ಎಲ್ಲ ತಳಿಯೂ ಒಂದೇ ಅಲ್ಲ ಸರ್. ಬಿರುಬಿಸಿಲು, ಒಣಹವೆ, ಗೊಬ್ಬರ ಹಿಡಿತದಲ್ಲಿದ್ರೆ ದೊಡ್ಡ ಹಗಲಲ್ಲೂ ಹೂ ಬರುತ್ತೆ. ಆದ್ರೆ ಈ ಗಿಡಕ್ಕೆ ಕತ್ತರಿ, ಸಾರಜನಕ, ದೀಪ ಮೂರೂ ಒಟ್ಟಿಗೆ ಅಡ್ಡ ಇವೆ. ಒಂದೊಂದಾಗಿ ತೆಗೆದು ನೋಡೋಕೆ ಖರ್ಚೇನೂ ಇಲ್ಲ.

ಬೇರುಬುಡ:
ಒಣಹವೆ ಅಂತ ನೀವೇ ಅಂದ್ರಿ. ನಾನು ಮೊದಲಿಂದ ಹೇಳಿದ್ದೂ ಅದನ್ನೇ.

ಕಂಕುಳಮುಳ್ಳು:
ಒಣಗಿಸೋದು ನಿಜವಾಗಲೂ ನೆರವಾಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಚಿಗುರು ಬಲಿತ ಮೇಲೆ. ಬಲಿಯೋ ಮೊದಲೇ ತುದಿ ಕತ್ತರಿಸಿಬಿಟ್ರೆ ಎಷ್ಟು ಒಣಗಿಸಿದ್ರೂ ಹೂವಿಗೆ ಜಾಗ ಎಲ್ಲಿ?

ಮೊಗ್ಗುಕಾಯೋರೇ, ಗಿಡವನ್ನ ರಾತ್ರಿ ದೀಪ ಬೀಳದ ಕಡೆಗೆ ಸರಿಸಿ, 19-19-19 ನಿಲ್ಲಿಸಿ. ಇನ್ನು ಕತ್ತರಿ. ಪೂರ್ತಿ ಬಿಡೋಕೆ ಮನಸ್ಸಾಗದಿದ್ರೆ ಒಂದು ಕಡೆಯ ಕೊಂಬೆಗಳನ್ನ ಮುಟ್ಟಬೇಡಿ, ಇನ್ನೊಂದು ಕಡೆ ಎಂದಿನಂತೆ ಚಿವುಟಿ. ಯಾರ ಮಾತು ಸರಿ ಅಂತ ಗಿಡವೇ ತೋರಿಸುತ್ತೆ.

ತಂತಿಸುರುಳಿ:
ಆಕಾರ ಕೆಡುತ್ತೆ. ನನಗಂತೂ ಕೊಂಬೆಯ ರಚನೆ ಮೊದಲು, ಹೂ ಆಮೇಲೆ. ದಾಸವಾಳ ಬೋನ್ಸಾಯ್ ಮಾಡೋರನ್ನ ನೋಡಿ, ಎಲೆ ಚಿಕ್ಕದಾಗುತ್ತೆ, ಹೂ ಮಾತ್ರ ಅಷ್ಟೇ ದೊಡ್ಡದು. ಗಿಡಕ್ಕೂ ಹೂವಿಗೂ ಹೊಂದಿಕೆಯೇ ಇರಲ್ಲ.

ಹಸಿರುತಟ್ಟೆ:
ಅದಕ್ಕೇ ಚಿಕ್ಕ ಹೂವಿನ ತಳಿ ಆರಿಸ್ಕೋಬೇಕು. ಹೂವಿನ ಗಿಡ ತಂದು ಹೂ ಬಿಡೋಕೆ ಬಿಡದಿದ್ರೆ ಆ ಗಿಡ ಯಾಕೆ ಬೇಕು? ವರ್ಷದಲ್ಲಿ ಕೆಲವು ವಾರ ಆಕಾರ ಅಂಕೆ ತಪ್ಪಲಿ, ಪರವಾಗಿಲ್ಲ.

ತಂತಿಸುರುಳಿ:
ಅಜೇಲಿಯಾ ಚಿತ್ರ ಹಾಕಿದ್ದೀನಿ, ಬುಡ ನೋಡಿ.

ಮೊಗ್ಗುಕಾಯೋನು:
ಎಲ್ಲರಿಗೂ ಒಂದು ಸುದ್ದಿ. ಗೊಬ್ಬರ ನಿಲ್ಲಿಸಿ ಗಿಡವನ್ನ ರಾತ್ರಿ ದೀಪ ಬೀಳದ ಕಡೆಗೆ ಇಟ್ಟಿದ್ದೆ. ಎಡಗಡೆ ಮುಟ್ಟಲಿಲ್ಲ, ಬಲಗಡೆ ಚಿವುಟ್ತಾ ಬಂದೆ. ಎಡಗಡೆ ಉದ್ದ ಹೋದ ನಾಲ್ಕು ಕೊಂಬೆಗಳಲ್ಲಿ ಮೂರರ ಕೊನೆಯಲ್ಲಿ ನಸುಗೆಂಪು ಗೊಂಚಲು ಕೂತಿದೆ. ಬಲಗಡೆ ಮುಳ್ಳು ಮತ್ತು ಎಲೆ, ಅಷ್ಟೇ. ನೀರು ಎರಡೂ ಕಡೆಗೆ ಒಂದೇ ತಟ್ಟೆಯದ್ದು, ಬೇರುಬುಡ ಸರ್.

ಈಗ ಎಡಗಡೆ ಪೂರ್ತಿ ಹರಡಿ ನಿಂತಿದೆ. ಹೂ ಮುಗಿದ ಮೇಲೆ ಎಲ್ಲಿಗೆ ಕತ್ತರಿಸಲಿ?

ಕಂಕುಳಮುಳ್ಳು:
ಬಣ್ಣ ಮಾಸಿ ಕಾಗದದ ಹಾಗೆ ಒಣಗಿದ ಮೇಲೆ ಆ ಕೊಂಬೆಯ ಬುಡದ ಕಡೆ ಎರಡು ಗಿಣ್ಣು ಉಳಿಸಿ ಕತ್ತರಿಸಿ. ಬಲಗಡೆಗೂ ಅದೇ ದಿನ ಒಮ್ಮೆ ಕತ್ತರಿ ಆಡಿಸಿ, ಎರಡೂ ಕಡೆ ಒಟ್ಟಿಗೆ ಚಿಗುರಲಿ. ಆಮೇಲೆ ಆರೆಂಟು ಎಲೆ ಬಂದು ಚಿಗುರು ಗಟ್ಟಿಯಾಗೋ ತನಕ ಎಲ್ಲೂ ಮುಟ್ಟಬೇಡಿ. ದಪ್ಪ ಕೊಂಬೆ ತೆಗೆಯೋದಿದ್ರೆ ಗಾಯಕ್ಕೆ ಮೇಣ ಹಚ್ಚಿ, ಈ ಮರ ಮೆತ್ತಗೆ, ಬೇಗ ಕೊಳೆಯುತ್ತೆ.

ಬೇರುಬುಡ:
ಎಷ್ಟು ದಿನಕ್ಕೊಮ್ಮೆ ನೀರು ಕೊಟ್ರಿ ಅಂತ ಬರೆಯಲೇ ಇಲ್ಲ.

ಕೇಪಳದೊಡ್ಡಿ:
ಹಸಿರುತಟ್ಟೆ ಅಕ್ಕ, ಕುಂಡ ಸಿಮೆಂಟಿನದೇ. ಈಗಲೇ ಬದಲಿಸಲಾ, ಇಲ್ಲ ಈ ಮೊಗ್ಗು ಅರಳಿ ಮುಗಿಯೋ ತನಕ ಕಾಯಲಾ?